25 ಎಂಬಿಯೂ ಓಬವ್ವನ ಕಿಂಡಿಯೂ

ಅಲ್ರೀ, ನಿಮ್ಮನ್ನೇ ಕೇಳ್ತಿರೋದು. ಗುಡೇಕೋಟೆ ಬಸ್‌ಸ್ಟ್ಯಾಂಡ್‌ನಾಗೆ ಮೊಬೈಲ್ ಮೇಲೆತ್ತಿಕೊಂಡು ನಿಂತೀರಲ್ಲ, ಇ-ಮೇಲ್‌ನಾಗೆ ಏನು ಕಳಿಸಾಕತ್ತೀರಿ? ಮಗನ ಅಡ್ಮಿಷನ್‌ಗೆ ಮಾರ್ಕ್ಸ್ ಕಾರ್ಡಾ? ಒಳ್ಳೇದಾತು. ಎಷ್ಟು ಎಂಬಿ ಐತೆ? ಗೊತ್ತಿಲ್ಲ ಹೌದಲ್ಲೋ? (ನೋಡಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು.)

ಆ ಗುಂಡನೆ ಗೆರೆ ತಿರುಗ್ತಾನೇ ಇರ್ತೈತೆ. ನೀವು ಕಂಪನಿನ ಬೈತೀರಿ, ಸರ್ಕಾರನ ಬೈತೀರಿ, ಕೊನೆಗೆ ಊರ ಸುತ್ತಲಿನ ಬಂಡೆಗಳನ್ನೂ ಬಿಡಂಗಿಲ್ಲ. ಗುಡ್ಡ ಬಂಡೆ ಸಿಗ್ನಲ್‌ಗೆ ಅಡ್ಡ ಬರೋದು ಖರೇನೆ. ಆದ್ರೆ ಫೈಲ್‌ಗೆ ಬೊಜ್ಜು ಬರಿಸಿದ್ದು ಬಂಡೆನಾ?

ಫೋಟೋ ಒಂದ್ಸಲ ತೆಗೆದು ನೋಡ್ರಿ. ಕಾರ್ಡನ್ನ ಮಂಚದ ಮೇಲಿಟ್ಟು ಹೊಡೆದೀರಿ. ಅರ್ಧ ಕಾರ್ಡು, ಇನ್ನರ್ಧ ಚಾದರ, ಮೂಲೆಯಾಗ ನಿಮ್ಮ ಹೆಬ್ಬೆರಳು. ಆ ಚಾದರದ ಒಂದೊಂದು ಹೂವೂ 50 ಮೆಗಾಪಿಕ್ಸೆಲ್‌ನಾಗೆ ಬೆಂಗಳೂರಿಗೆ ಹೊಂಟೈತೆ! ಅಡ್ಮಿಷನ್ ಯಾರಿಗೆ, ಮಗನಿಗಾ ಚಾದರಕ್ಕಾ?

ಲೆಕ್ಕ ಕೇಳ್ರಿ. ಸ್ಪೀಡ್ ಹೇಳೋದು ಮೆಗಾಬಿಟ್‌ನಾಗೆ, ಫೈಲ್ ತೂಗೋದು ಮೆಗಾಬೈಟ್‌ನಾಗೆ. 8 ಬಿಟ್ ಕೂಡಿದ್ರೆ 1 ಬೈಟ್. ಅಂದ್ರೆ ಸೆಕೆಂಡಿಗೆ 1 ಮೆಗಾಬಿಟ್ ಹೋದ್ರೂ 20 ಎಂಬಿಗೆ 160 ಸೆಕೆಂಡ್ ಬೇಕು. ನಮ್ಮ ಕಡೆ ಅದರ ಹತ್ತನೇ ಪಾಲು ಸಿಕ್ಕ ದಿನ ಹತ್ರ ಹತ್ರ ಅರ್ಧ ತಾಸು. (ಡೌನ್‌ಲೋಡ್ ಸ್ಪೀಡ್ ತೋರಿಸಿ ಜಂಬ ಪಡಬ್ಯಾಡ್ರಿ, ಅಪ್‌ಲೋಡ್ ಅದಕ್ಕಿಂತ ಬಡವ.)

ಇಷ್ಟಕ್ಕೇ ಮುಗೀಲಿಲ್ಲ. ಇ-ಮೇಲ್ ಹುಟ್ಟಿದ್ದೇ ಬರೇ ಅಕ್ಷರ ಹೊರಾಕೆ. ಅದಕ್ಕೇ ನಿಮ್ಮ ಫೋಟೋನೂ ಬೇಸ್64 ಅನ್ನೋ ಪದ್ಧತಿಯಾಗ ಅಕ್ಷರ ಮಾಡಿ ಸಾಗಿಸ್ತೈತೆ. 3 ಬೈಟ್ ಹೋಗಿ 4 ಆಗ್ತಾವೆ. 20 ಎಂಬಿ ಫೈಲು ದಾರಿಯಾಗೇ 27ರ ಹತ್ರಕ್ಕೆ ಉಬ್ಬುತೈತೆ. ಆ ಕಡೆಯೋರು 25ಕ್ಕೇ ಬಾಗಿಲು ಹಾಕಿದ್ರೆ? ಮೇಲ್ ವಾಪಸ್, ನಿಮ್ಮ ಮಾರಿ ಸಪ್ಪಗೆ.

ಓಬವ್ವನ ತವರು ನಮ್ಮ ಗುಡೇಕೋಟೆ ಅಂತ ಎದೆಯುಬ್ಬಿಸಿ ಹೇಳ್ತೀರಿ. ಚಿತ್ರದುರ್ಗದ ಕಿಂಡಿಯಾಗ ಹೈದರಾಲಿ ಸೈನ್ಯದೋರು ಒಬ್ಬೊಬ್ಬರೇ ತೂರಿ ಬಂದಂಗೆ ನಿಮ್ಮ ಫೈಲೂ ತುಣುಕು ತುಣುಕಾಗಿ ನುಸೀಬೇಕು. ಅಷ್ಟ್ರಾಗ ಟವರ್ ಓಬವ್ವನಂಗೆ ಒನಕೆ ಎತ್ತಿತು ಅಂದ್ರೆ ಮುಗೀತು, ಮೊದಲಿಂದ ಶುರು.

ಹಂಗಂತ ಬೇಜಾರಾಗಬ್ಯಾಡ್ರಿ. 1992ರ ಮಾರ್ಚ್ 11ಕ್ಕೆ ನಥಾನಿಯಲ್ ಬೋರೆನ್‌ಸ್ಟೈನ್ ಅನ್ನೋರು ಇ-ಮೇಲ್‌ಗೆ ಫೈಲ್ ಅಂಟಿಸೋ ಮೈಮ್ ಪದ್ಧತಿಯ ಮೊದಲ ಅಟ್ಯಾಚ್‌ಮೆಂಟ್ ಕಳಿಸಿದ್ರು. ಏನಿತ್ತು ಅಂತೀರಿ ಅದ್ರಾಗ? ತಮ್ಮ ಹಾಡೋ ಗೆಳೆಯರ ಬಳಗದ ಫೋಟೋ, ಜೊತಿಗೆ ಹಾಡು! ಅರ್ಜೆಂಟಲ್ಲದ್ದನ್ನ ಕಳಿಸೋ ಚಟ ನಿಮ್ಮಿಂದ ಶುರುವಾಗಿಲ್ಲ ಬಿಡ್ರಿ.

ಈಗ ಗುಟ್ಟು ಹೇಳ್ತೀನಿ, ಹತ್ರ ಬರ್ರಿ. ಚಾದರ ಕ್ರಾಪ್ ಮಾಡ್ರಿ. ಜೆರಾಕ್ಸ್ ಅಂಗಡಿ ಹುಡುಗನಿಗೆ 300 ಡಿಪಿಐ ಬ್ಯಾಡ, 150 ಸಾಕು ಅನ್ರಿ. ಚುಕ್ಕಿ ಲೆಕ್ಕ ಕಾಲು ಭಾಗಕ್ಕೆ ಇಳೀತೈತೆ. ಫೋಟೋನ ಜಿಪ್ ಮಾಡಿ ಜಾಣರಾದ್ವಿ ಅಂದ್ಕೊಬ್ಯಾಡ್ರಿ, ಜೆಪಿಜಿ ಮೊದಲೇ ಹಿಂಡಿದ ಫೈಲು, ಮತ್ತೆ ಹಿಂಡಿದ್ರೆ ಹೆಚ್ಚೇನೂ ಇಳಿಯಂಗಿಲ್ಲ. ತೀರಾ ದೊಡ್ಡದಿದ್ರೆ ಡ್ರೈವ್‌ಗೆ ಏರಿಸಿ ಲಿಂಕ್ ಕಳಿಸ್ರಿ. (ಪರ್ಮಿಷನ್ ಕೊಡೋದು ಮರೀಬ್ಯಾಡ್ರಿ. ಹಿಂದಿನ ಸಲ ಬರೇ ಬೀಗ ಕಳಿಸಿದ್ರಿ, ನೆನಪೈತಾ?)

ಕಲರ್‌ನಾಗೇ ಹೋಗಬೇಕು ಅಂತ ಹಟ ಹಿಡಿದು, ಬೆಳಗಿನ ಜಾವ ಎದ್ದು, ಅಂತೂ ಕಳಿಸ್ತೀರಿ. ಆ ಕಡೆ ಗುಮಾಸ್ತರು ಏನು ಮಾಡ್ತಾರೆ ಹೇಳ್ರಿ? ಬ್ಲಾಕ್ ಅಂಡ್ ವೈಟ್ ಪ್ರಿಂಟ್ ತೆಗೀತಾರೆ, ಟ್ಯಾಗ್ ಹಾಕಿ ಫೈಲಿಗೆ ಸೇರಿಸ್ತಾರೆ, ಆಮೇಲೆ ನಿಮಗೆ ಫೋನ್ ಹಚ್ತಾರೆ: "ಒರಿಜಿನಲ್ ತಗೊಂಡು ನೀವೇ ಬರ್ರಿ."