ಪರದೇಶಿ ಮೀಮಾಂಸೆ

ಯಾವುದೇ ಶಾಸ್ತ್ರವನ್ನು ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರ್ಣಯಿಸತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆಯಾದುದರಿಂದ, ಅದನ್ನು ಮೀರುವ ಧೈರ್ಯ ಸಾಲದ ಈ ಲೇಖಕನು ಮೊದಲಿಗೇ ನಿವೇದಿಸಿಕೊಳ್ಳುವುದೇನೆಂದರೆ: ಈ ಪ್ರಬಂಧದ ವಿಷಯವು, ಧರ್ಮಾಧ್ಯಯನಾರ್ಥವಾಗಿ ಜರ್ಮನಿಯ ಗ್ಯೋಟಿಂಗೆನ್ ಪಟ್ಟಣಕ್ಕೆ ಹೊರಟುನಿಂತಿರುವ ಅಗರಖೇಡದ ಬಾಲ್ಯಮಿತ್ರನಿಗೆ ಹೇಳತಕ್ಕ ಬುದ್ಧಿಮಾತು, ಪ್ರಯೋಜನವು ಸಂದಿಗ್ಧ, ಸಂಬಂಧವು, ನಾಲ್ಕನೆಯ ಇಯತ್ತೆಯಲ್ಲಿ ಆತನು ನನ್ನ ಪಾಟಿಯನ್ನು ಒಡೆದು ಈವರೆಗೂ ಕೊಡಿಸದೆ ಇರುವ ಋಣಾನುಬಂಧ. ಅಧಿಕಾರಿಯೆಂದರೆ ಶಾಸ್ತ್ರವನ್ನು ಕೇಳಲು ಯೋಗ್ಯನಾದವನೆಂದು ಪಂಡಿತರು ಅರ್ಥವಿಸುವರಾದರೂ, ನಮ್ಮ ವಿಜಾಪುರ ಜಿಲ್ಲೆಯಲ್ಲಿ ಅಧಿಕಾರಿಯಾದವನು ಹೇಳುವನೇ ಹೊರತು ಕೇಳುವವನಲ್ಲವಾದ ಕಾರಣ, ಆ ಸ್ಥಾನವನ್ನು ನಾನೇ ವಹಿಸಿಕೊಂಡಿದ್ದೇನೆ.

ನನ್ನ ಅರ್ಹತೆಯಾದರೋ ದೇಶಭ್ರಷ್ಟತೆ. ಹೊಟ್ಟೆಯ ಪಾಡಿಗಾಗಿ ಭೀಮಾನದಿಯನ್ನು ದಾಟಿ, ಸೊಲ್ಲಾಪುರದ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕಾಯಕಕ್ಕೆ ನಿಂತ ನಾನು, 1956ನೆಯ ಇಸವಿ ಅಕ್ಟೋಬರ 31ರ ರಾತ್ರಿ ಮುಂಬಯಿ ರಾಜ್ಯದಲ್ಲಿ ಮಲಗಿ ಮರುದಿನ ಅದೇ ರಾಜ್ಯದಲ್ಲಿಯೇ ಎದ್ದೆನು. ಎದ್ದು ಹೋಗಿದ್ದುದು ನನ್ನ ಊರು. ನವೆಂಬರ 1ರಂದು ಅಗರಖೇಡವು ಇಂಡಿ ತಾಲೂಕನ್ನೂ ಇಡೀ ಜಿಲ್ಲೆಯನ್ನೂ ಕೂಡಿಕೊಂಡು ಮೈಸೂರು ರಾಜ್ಯಕ್ಕೆ ಪ್ರಯಾಣ ಬೆಳೆಸಿತ್ತು. ಹಾಸಿಗೆಯಿಂದ ಕದಲದೆ ದೇಶಭ್ರಷ್ಟನಾಗುವ ಈ ಸಿದ್ಧಿಯು ಯೋಗಶಾಸ್ತ್ರದಲ್ಲಿ ಎಲ್ಲಿಯೂ ಉಕ್ತವಾದಂತಿಲ್ಲ. ಪರದೇಶಕ್ಕೆ ಹೋದವನಿಗೆ ಊರಲ್ಲಿ ಹಾರ ಹಾಕುವ ಜನರೇ, ಗತಿಗೆಟ್ಟವನನ್ನು ‘ಪರದೇಶಿ’ ಎಂದು ಬಯ್ಯುವರು. ಒಂದೇ ಧಾತುವಿನಿಂದ ಮಾನವೂ ಅವಮಾನವೂ ಹುಟ್ಟಿದ ಈ ಸೋಜಿಗದಲ್ಲಿ ಮಿತ್ರನ ಪಾಲಿಗೆ ಹಾರವೂ ನನ್ನ ಪಾಲಿಗೆ ಬೈಗುಳವೂ ಬಂದಿವೆ.

ಇಲ್ಲಿ ಪೂರ್ವಪಕ್ಷವನ್ನೆತ್ತಿದವನು ಸ್ವಯಂ ಮಿತ್ರನೇ. “ಅಲ್ಲೋ, ಜರ್ಮನಿ ಬಗ್ಗೆ ಇಷ್ಟು ಹೇಳ್ತೀಯಲ್ಲ, ನೀ ಎಂದರ ಹೋಗಿ ನೋಡಿಯೇನು?” ಎಂದು ಆತನು ಆಕ್ಷೇಪಿಸಿದನು. ಸಮಾಧಾನವು ಸುಲಭ. ಜರ್ಮನಿಯ ಡೆಸ್ಸಾವು ಪಟ್ಟಣದಲ್ಲಿ 1823ರಲ್ಲಿ ಜನಿಸಿ, ಆಕ್ಸ್‌ಫರ್ಡಿನಲ್ಲಿ ಕುಳಿತು ಋಗ್ವೇದವನ್ನು ಸಾಯಣಭಾಷ್ಯಸಮೇತ ಅಚ್ಚುಹಾಕಿಸಿದ ಮ್ಯಾಕ್ಸ್ ಮುಲ್ಲರ ಪಂಡಿತರು ತಮ್ಮ ಆಯುಷ್ಯದಲ್ಲಿ ಒಮ್ಮೆಯೂ ಭಾರತಕ್ಕೆ ಕಾಲಿಟ್ಟವರಲ್ಲ. ಜರ್ಮನಿಯವರು ನಮ್ಮನ್ನು ನೋಡದೆಯೇ ನಮಗೆ ನಮ್ಮ ವೇದವನ್ನು ತಿಳಿಸಬಹುದಾದರೆ, ಸೊಲ್ಲಾಪುರದವನೊಬ್ಬನು ಜರ್ಮನಿಯನ್ನು ನೋಡದೆಯೇ ಅಲ್ಲಿಯ ಚಳಿಯನ್ನು ತಿಳಿಸುವುದರಲ್ಲಿ ಯಾವ ಪ್ರಮಾಣದೋಷವೂ ಇಲ್ಲ.

ಪೂರ್ವನಿದರ್ಶನವನ್ನು ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ. ಬಾಗೇವಾಡಿಯ ಬಸವಣ್ಣನವರು ಉಪನಯನವನ್ನು ಒಲ್ಲೆನೆಂದು ಮನೆ ಬಿಟ್ಟು, ವಿದ್ಯಾರ್ಜನೆಗಾಗಿ ಕೂಡಲಸಂಗಮಕ್ಕೆ ನಡೆದು, ಅನಂತರ ಮಂಗಳವೇಢೆಯಲ್ಲಿ ಬಿಜ್ಜಳನ ಕರಣಿಕರಾದರೆಂದು ಪರಂಪರೆಯು ಹೇಳುತ್ತದೆ. ಮಂಗಳವೇಢೆಯು ಇಂದು ಸೊಲ್ಲಾಪುರ ಜಿಲ್ಲೆಗೆ ಸೇರಿದೆ. ವಿಜಾಪುರ ಜಿಲ್ಲೆಯಲ್ಲಿ ಹುಟ್ಟಿ ಸೊಲ್ಲಾಪುರ ಜಿಲ್ಲೆಯಲ್ಲಿ ಲೆಕ್ಕ ಬರೆದ ಮಹನೀಯರ ಸಾಲಿನಲ್ಲಿ ಅವರಾದ ಮೇಲೆ ಯಾರ ಹೆಸರು ಬರತಕ್ಕದ್ದೆಂಬುದನ್ನು ವಿನಯವಶಾತ್ ನಾನು ಬರೆಯುವುದಿಲ್ಲ.

ಇನ್ನು ಮಿತ್ರನ ತಾಯಿಯವರು ಕಟಕ ರೊಟ್ಟಿಯನ್ನೂ ಶೇಂಗಾದ ಹಿಂಡಿಯನ್ನೂ ಗುರೆಳ್ಳಿನ ಹಿಂಡಿಯನ್ನೂ ಗಂಟುಕಟ್ಟುತ್ತ ಆಡಿದ ಒಂದು ವಾಕ್ಯವು ಈ ಶಾಸ್ತ್ರದಲ್ಲಿ ಸೂತ್ರಪ್ರಾಯವಾದುದರಿಂದ ಅದನ್ನು ಯಥಾವತ್ತಾಗಿ ಉದ್ಧರಿಸುತ್ತೇನೆ. “ದೇವರ ಪರೀಕ್ಷಾ ಇಲ್ಲೇ ಭಾಳ ಆಗ್ಯಾವಲ್ಲೋ ತಮ್ಮಾ, ಅದಕ್ಕ ಅಷ್ಟು ದೂರ ಯಾಕ ಹೋಗ್ತಿ?” ಇಲ್ಲಿ ‘ದೇವರ’ ಎಂಬ ಷಷ್ಠಿಯು ಕರ್ತೃವನ್ನು ಹೇಳುವುದೋ ಕರ್ಮವನ್ನು ಹೇಳುವುದೋ ಎಂಬುದೇ ವಿಚಾರಣೀಯವಾದ ಅಂಶ. 1791ರ ಸುಮಾರಿಗೆ ಮಳೆ ಹೋಗಿ, ತಲೆಬುರುಡೆಗಳಿಂದಲೇ ಹೆಸರನ್ನು ಪಡೆದ ಡೋಗಿ ಬರವು ಬಂದ ಈ ಸೀಮೆಯಲ್ಲಿ ಪರೀಕ್ಷಿಸುವವನು ದೇವರು, ಕುಳಿತು ಬರೆಯುವವರು ನಾವು. ಫಲಿತಾಂಶವು ಹೊಲದಲ್ಲಿ ಪ್ರಕಟವಾಗುವುದು. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಾದರೋ ದೇವತಾಶಾಸ್ತ್ರ ಬೇರೆ, ಧರ್ಮವಿಜ್ಞಾನ ಬೇರೆ. ಮಿತ್ರನು ಸೇರಲಿರುವ ಎರಡನೆಯದರಲ್ಲಿ ಪರೀಕ್ಷೆಗೆ ಕುಳ್ಳಿರುವಾತನು ದೇವರೇ, ಮೇಲ್ವಿಚಾರಕನು ವಿದ್ಯಾರ್ಥಿ. ಆ ತಾಯಿಯು ವ್ಯಾಕರಣವನ್ನು ಓದಿದವರಲ್ಲ. ಆದರೂ ಎರಡೂ ಅರ್ಥಗಳು ಕೂಡುವಂಥ ವಿಭಕ್ತಿಯನ್ನೇ ಆರಿಸಿ, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದರು.

ಇದರಿಂದ ನಿಷ್ಪನ್ನವಾಗುವ ಉಪದೇಶವೇನೆಂದರೆ, ಅರ್ಜಿಯ ನಮೂನೆಯಲ್ಲಿ ‘ಧರ್ಮ’ವೆಂದು ಬರೆದ ಮುಂದೆ ಬೆರಳಗಲದ ಒಂದೇ ಗೆರೆ ಇರುವುದರಿಂದ, ಅಲ್ಲಿ ಎಲ್ಲವನ್ನೂ ಹೇಳಹೋಗಕೂಡದು. ಶ್ರಾವಣ ಸೋಮವಾರ ಲಿಂಗಕ್ಕೆ ಬಿಲ್ವವೇರಿಸಿದ ಕಾಲುಗಳೇ ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆಹಾಕಿದವೆಂದು ಬರೆದರೆ, ಆ ಪ್ರಾಧ್ಯಾಪಕರು ಮಿತ್ರನನ್ನು ವಿದ್ಯಾರ್ಥಿಯೆಂದು ಸೇರಿಸಿಕೊಳ್ಳದೆ ವಿಷಯವೆಂದು ಸೇರಿಸಿಕೊಳ್ಳುವ ಅಪಾಯವಿದೆ. (ಬಿಲ್ವವನ್ನು ಕೈಯಿಂದ ಏರಿಸುವರೇ ಹೊರತು ಕಾಲಿನಿಂದಲ್ಲವೆಂದು ಮಿತ್ರನು ತಿದ್ದಿದ್ದಾನೆ, ತಿದ್ದುಪಡಿಯನ್ನು ಅಂಗೀಕರಿಸಿದೆ.) ಉಣ್ಣೆಯ ಬಟ್ಟೆ, ಹಡಗಿನ ವಾಂತಿ, ಹಿಂಡಿಯ ಡಬ್ಬಿಯ ಬಾಯಿಗೆ ಕಟ್ಟುವ ಅರಿವೆ, ಇವುಗಳ ಬಗ್ಗೆ ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದೇನೆ.

ಪ್ರಬಂಧವು ಇಲ್ಲಿಗೆ ಸಮಾಪ್ತವಾಗತಕ್ಕದ್ದಾಗಿತ್ತು. ಆದರೆ ಹೋದ ಆರನೆಯ ತಿಂಗಳಿಗೆ ಮಿತ್ರನಿಂದ ಬಂದ ನೀಲಿ ಕಾಗದವೊಂದು ಸಿದ್ಧಾಂತವನ್ನೇ ಬುಡಮೇಲು ಮಾಡಿತು. ಅಲ್ಲಿಯ ಗ್ರಂಥಾಲಯದಲ್ಲಿ ‘ಎಪಿಗ್ರಾಫಿಯಾ ಇಂಡಿಕಾ’ದ 4ನೆಯ ಸಂಪುಟವನ್ನು ತೆಗೆದಾಗ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಕಲಿಸಿ ಅನಂತರ ಅದೇ ಗ್ಯೋಟಿಂಗೆನ್ನಿನಲ್ಲಿ ಪ್ರಾಧ್ಯಾಪಕರಾದ ಕೀಲ್ಹಾರ್ನ್ ಪಂಡಿತರು ಓದಿ ಪ್ರಕಟಿಸಿದ ಒಂದು ಸ್ತಂಭಶಾಸನವು ಆತನ ಕಣ್ಣಿಗೆ ಬಿದ್ದಿತಂತೆ. ಅದು ಸಾಲೋಟಗಿಯದು. ನಮ್ಮ ಇಂಡಿ ತಾಲೂಕಿನ ಸಾಲೋಟಗಿ. ಹೆಣ್ಣು ತರುವ ಊರೆಂದಲ್ಲದೆ ಬೇರೆ ಯಾವ ಕಾರಣಕ್ಕೂ ನಾವಿಬ್ಬರೂ ನೆನೆಯದಿದ್ದ ಸಾಲೋಟಗಿ. 945ರಲ್ಲಿ, ಮಾನ್ಯಖೇಟದಿಂದ ಆಳುತ್ತಿದ್ದ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದರು. ಅವರ ವಸತಿಗೆ 27 ಮನೆಗಳು, ದೀಪದ ಖರ್ಚಿಗೆ 12 ನಿವರ್ತನ ಭೂಮಿ, ಉಪಾಧ್ಯಾಯರಿಗೆ 50 ನಿವರ್ತನ. ಇಷ್ಟೇ ಅಲ್ಲ, ಊರಲ್ಲಿ ಮದುವೆಯಾದರೆ 5 ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು, ಆ ಶಾಲೆಗೆ ಸಲ್ಲತಕ್ಕದ್ದು. ಪರದೇಶದ ಹುಡುಗನು ಓದಲೆಂದು ಊರಿನ ಮದುಮಗನ ಕಡೆಯಿಂದ ವಂತಿಗೆ ಎತ್ತಿದ ಈ ಲೆಕ್ಕವನ್ನು ಗಿರಣಿಯ ಲೆಕ್ಕಿಗನಾದ ನಾನು ಮೂರು ಸಲ ಕೂಡಿಸಿ ನೋಡಿದೆನು. ಅರ್ಧಕ್ಕರ್ಧ ಇಳಿಯುತ್ತ ಬಂದಿದೆ, ತಪ್ಪಿಲ್ಲ.

“ನಮ್ಮ ಪ್ರಾಧ್ಯಾಪಕರು ಆ ಊರು ನಿನ್ನೂರಿಂದ ಎಷ್ಟು ದೂರವೆಂದು ಕೇಳಿದರು, ನನಗೆ ಹೇಳಲಾಗಲಿಲ್ಲ. ನೀನು ಒಮ್ಮೆ ಹೋಗಿ ನೋಡಿ ಬರೆ” ಎಂದು ಮಿತ್ರನು ಕೊನೆಗೆ ಕೇಳಿಕೊಂಡಿದ್ದನು. ಬುದ್ಧಿಮಾತು ಹೇಳಿದವನಿಗೆ ಕೆಲಸ ಬಂದಿತು. ಮುಂದಿನ ಸೂಟಿಯಲ್ಲಿ ಹೊಟಗಿಯನ್ನು ದಾಟಿ, ಇಂಡಿ ರೋಡಿನಲ್ಲಿ ರೈಲನ್ನಿಳಿದು, ಇಂಡಿಯ ಸ್ಟ್ಯಾಂಡಿನಲ್ಲಿ ಸಾಲೋಟಗಿಯ ಮೋಟಾರನ್ನೇರಿದೆನು. ನನ್ನ ಸೊಲ್ಲಾಪುರದ ಟೋಪಿಯನ್ನೂ ಕೈಯಲ್ಲಿದ್ದ ನೀಲಿ ಕಾಗದವನ್ನೂ ನೋಡಿ, ಟಿಕೀಟು ಹರಿಯುತ್ತಿದ್ದ ಕಂಡಕ್ಟರನು, “ಪರಊರವರು ಕಾಣ್ತೀರಿ. ಸಾಲೋಟಗಿಯೊಳಗ ಯಾರ ಮನೀಗ್ರಿ?” ಎಂದು ಕೇಳಿದನು. ಇಪ್ಪತ್ತೇಳರಲ್ಲಿ ಯಾವ ಮನೆಯೆಂದು ಹೇಳುವುದೆಂದು ತಿಳಿಯದೆ, ನಾನು ಚಿಲ್ಲರೆಯನ್ನು ಎಣಿಸುತ್ತ ಕುಳಿತೆನು.