ಮೀಸೆ ಬಂದದ್ದು 1980ರಲ್ಲಿ

ನಮ್ಮ ಭಾವನವರ ಜತೆ ಸಿನಿಮಾಕ್ಕೆ ಹೋಗುವವರು ಬಳಗದಲ್ಲಿ ಈಗ ಇಬ್ಬರೇ ಉಳಿದಿದ್ದೇವೆ. ಒಬ್ಬಳು ನಮ್ಮಕ್ಕ, ಅವಳಿಗೆ ಬೇರೆ ದಾರಿಯಿಲ್ಲ. ಇನ್ನೊಬ್ಬ ನಾನು, ನನಗೆ ಒಲ್ಲೆ ಅನ್ನುವ ಧೈರ್ಯವಿಲ್ಲ.

ಭಾವ ಮೂವತ್ತೈದು ವರ್ಷ ಲೆಕ್ಕ ತಪಾಸಣೆಯ ಕಚೇರಿಯಲ್ಲಿದ್ದವರು. ಬೇರೆಯವರು ಬರೆದದ್ದನ್ನು ಹಸಿರು ಪೆನ್ನು ಹಿಡಿದು ಓದುವುದೇ ಉದ್ಯೋಗ. 2018ರ ಜೂನ್‌ನಲ್ಲಿ ನಿವೃತ್ತಿಯಾಗಿ ಪೆನ್ನು ಮನೆಗೆ ಬಂತು, ಅದಕ್ಕೆ ಕೆಲಸ ಬರಲಿಲ್ಲ. ಒಂದೆರಡು ತಿಂಗಳು ಹಾಲಿನವನ ಚೀಟಿ, ಅಪಾರ್ಟ್‌ಮೆಂಟಿನ ನೀರಿನ ಬಿಲ್ಲು ಅಂತ ಹೇಗೋ ಕಳೆಯಿತು. ಹಾಲಿನವನು ಬೇರೆ ರಸ್ತೆ ಹಿಡಿದ. ಅಷ್ಟರಲ್ಲಿ ನವೆಂಬರ್ 16ರ ಶುಕ್ರವಾರ, ‘ಕ್ವೀನ್’ ಅನ್ನುವ ಇಂಗ್ಲೆಂಡಿನ ರಾಕ್ ತಂಡದ ಕಥೆ ಹೇಳುವ ಸಿನಿಮಾ ‘ಬೊಹೀಮಿಯನ್ ರಾಪ್ಸೋಡಿ’ ಬಿಡುಗಡೆಯಾಯಿತು. ದೇವರು ದೊಡ್ಡವನು.

ಭಾವನಿಗೂ ಇಂಗ್ಲೆಂಡಿನ ರಾಕ್ ಸಂಗೀತಕ್ಕೂ ಎಲ್ಲಿಯ ನಂಟು ಅಂತ ಕೇಳುವವರು ಬೆಂಗಳೂರಿನವರಲ್ಲ ಅಂದುಕೊಳ್ಳಬೇಕು. ಈ ಊರಿನಲ್ಲಿ ಹಣೆಗೆ ವಿಭೂತಿ ಇಟ್ಟು, ಟಿಫಿನ್ ಡಬ್ಬಿ ಹಿಡಿದು ಬಸ್ಸು ಹತ್ತುವ ಮನುಷ್ಯ ಒಳಗೊಳಗೇ ಡೀಪ್ ಪರ್ಪಲ್ ಗುನುಗುತ್ತಿರಬಹುದು. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದಾಗ, 2007ರಲ್ಲಿ ಐರನ್ ಮೇಡನ್ ಬಂದಾಗ ಅರಮನೆ ಮೈದಾನದ ಧೂಳು ಕುಡಿದವರೆಲ್ಲ ಎಲ್ಲಿಗೆ ಹೋದರು? ಅವರೆಲ್ಲ ಆ ಶುಕ್ರವಾರ ಬೆಳಗಿನ ಆಟಕ್ಕೆ ಬಂದಿದ್ದರು. ಅವೇ ಕಪ್ಪು ಟೀ ಶರ್ಟುಗಳು. ಎದೆಯ ಮೇಲಿದ್ದ ಚಿತ್ರ ಈಗ ಹೊಟ್ಟೆಯ ಮೇಲೆ ಅಡ್ಡಡ್ಡ ಎಳೆದುಕೊಂಡಿತ್ತು, ಅಷ್ಟೇ ವ್ಯತ್ಯಾಸ.

ಭಾವ ಇಂಥ ಟೀ ಶರ್ಟ್ ಹಾಕುವವರಲ್ಲ. ಇಸ್ತ್ರಿ ಮಾಡಿದ ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಹಸಿರು ಪೆನ್ನು, ಒಂದು ಪುಟ್ಟ ನೋಟ್‌ಬುಕ್. 1977ರಲ್ಲಿ ಹಾಸ್ಟೆಲಿನ ರೂಮ್‌ಮೇಟ್ ಒಬ್ಬನ ಕ್ಯಾಸೆಟ್ಟಿನಲ್ಲಿ ‘ಕ್ವೀನ್’ ತಂಡದ ಹಾಡು ಕೇಳಿದಂದಿನಿಂದ ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿಯನ್ನು ಅವರು ಅಭಿಮಾನಿಸುತ್ತಿಲ್ಲ, ನಿರ್ವಹಿಸುತ್ತಿದ್ದಾರೆ. ಆತನ ಹೆಸರು ಫರೂಖ್ ಬಲ್ಸಾರಾ, ಹುಟ್ಟಿದ್ದು 1946ರ ಸೆಪ್ಟೆಂಬರ್ 5, ಜಾಂಜಿಬಾರಿನಲ್ಲಿ, ಮನೆಯವರು ಗುಜರಾತ್ ಮೂಲದ ಪಾರ್ಸಿಗಳು, ಓದಿದ್ದು ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ. ಕಡತ ಪೂರ್ತಿ ಇದೆ. ಬೆಳಗಾವಿಗೆ ವರ್ಗವಾಗಿದ್ದಾಗ ಸಂಸಾರವನ್ನು ಮಹಾಬಳೇಶ್ವರಕ್ಕೆ ಕರೆದುಕೊಂಡು ಹೋಗಿ, ಎಲ್ಲರೂ ಸ್ಟ್ರಾಬೆರಿ ತಿನ್ನುವ ಹೊತ್ತಿಗೆ ಭಾವ ಮಾತ್ರ ಪಂಚಗಣಿಗೆ ಇಳಿದು ಆ ಶಾಲೆಯ ಗೇಟಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬಂದಿದ್ದರು. ಫೋಟೋದಲ್ಲಿ ಗೇಟು ಸ್ಪಷ್ಟವಾಗಿದೆ, ಭಾವ ಅಲುಗಾಡಿದ್ದಾರೆ.

ಸಿನಿಮಾ ಶುರುವಾಯಿತು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿಯ ಲಾಂಛನದ ಜತೆ ಬರುವ ಕಹಳೆಯ ಸದ್ದು ಈ ಚಿತ್ರದಲ್ಲಿ ಮಾತ್ರ ಗಿಟಾರಿನಲ್ಲಿ ಬರುತ್ತದೆ. “ಗಿಟಾರು ಬ್ರಯಾನ್ ಮೇ, ಡ್ರಮ್ಸು ರೋಜರ್ ಟೇಲರ್, ತಂಡದವರೇ ನುಡಿಸಿರೋದು. ಇದು ಸರಿ,” ಅಂದರು ಭಾವ. ಮುಂದಿನ ಎರಡೂಕಾಲು ಗಂಟೆಯಲ್ಲಿ ಅವರ ಬಾಯಿಂದ ‘ಇದು ಸರಿ’ ಬಂದದ್ದು ಇನ್ನೊಂದೇ ಸಲ. ಅದನ್ನು ಆಮೇಲೆ ಹೇಳುತ್ತೇನೆ.

ತೆರೆಯ ಮೇಲೆ ಹೊಸ ತಂಡದ ಮೊದಲ ಕಾರ್ಯಕ್ರಮ. ಬೇಸ್ ಗಿಟಾರ್ ಹಿಡಿದು ಜಾನ್ ಡೀಕನ್ ನಿಂತಿದ್ದಾನೆ. “ಇವನು ಬಂದದ್ದು 1971ರಲ್ಲಿ ಕಣಯ್ಯ. ಇವನಿಗಿಂತ ಮುಂಚೆ ಮೂರು ಜನ ಬಂದು ಹೋಗಿದ್ರು. ಅವರ ಲೆಕ್ಕ ಎಲ್ಲಿ?” ಹಸಿರು ಪೆನ್ನು ಕತ್ತಲಲ್ಲೇ ಓಡಿತು. ಅಮೆರಿಕ ಪ್ರವಾಸದ ದೃಶ್ಯ ಬಂತು. “1974ರ ಪ್ರವಾಸದಲ್ಲಿ 1978ರ ಹಾಡು ಹಾಡ್ತಾನೆ!” ಚಿತ್ರದ ಹೆಸರಿನದೇ ಆದ ಆರು ನಿಮಿಷದ ಹಾಡನ್ನು ಯಾರು ಕೇಳುತ್ತಾರೆ ಅಂತ ರೇಗಾಡುವ ರೆಕಾರ್ಡಿಂಗ್ ಕಂಪನಿಯ ಯಜಮಾನ ಬಂದ. ಆತ ಕಥೆಗಾಗಿ ಹುಟ್ಟಿಸಿದ ಪಾತ್ರ. “ಇಲ್ಲದ ಮನುಷ್ಯನ ಹೆಸರಲ್ಲಿ ವೋಚರ್,” ಅಂತ ಬರೆದುಕೊಂಡರು. ಹಾಡಿನ ಉದ್ದ ಐದು ನಿಮಿಷ ಐವತ್ತೈದು ಸೆಕೆಂಡು ಅನ್ನುವುದನ್ನು ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೂ ತಿಳಿಸಿದರು. ಆಕೆ ಪಾಪ್‌ಕಾರ್ನ್ ಡಬ್ಬವನ್ನು ಆಚೆ ಬದಿಗೆ ಇಟ್ಟುಕೊಂಡಳು.

ನಮ್ಮ ತಿಪಟೂರು ಸೀಮೆಯಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ ಮುಂದಿನ ಸಾಲಿನಲ್ಲಿ ಇಂಥ ಒಬ್ಬ ಅಜ್ಜ ಖಾಯಂ ಇರುತ್ತಿದ್ದ. ದುರ್ಯೋಧನ ಪದ್ಯದ ಒಂದು ಅಕ್ಷರ ನುಂಗಿದರೆ ಸಾಕು, ಕೂತಲ್ಲಿಂದಲೇ ಎತ್ತಿ ಕೊಡುತ್ತಿದ್ದ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಬೇಕು, ದುರ್ಯೋಧನ ಮತ್ತೆ ಮೊದಲಿಂದ ಹಾಡಬೇಕು. ಭಾವನಿಗೆ ಇರುವ ಕಷ್ಟವೇ ಅದು. ಮಲ್ಟಿಪ್ಲೆಕ್ಸಿನಲ್ಲಿ ಎಷ್ಟು ಕೂಗಿದರೂ ಫ್ರೆಡ್ಡಿಯ ಪಾತ್ರ ಹಾಕಿದ ರಾಮಿ ಮಾಲೆಕ್ ಹಿಂದಕ್ಕೆ ಹೋಗಿ ಸರಿಮಾಡಿಕೊಂಡು ಬರುವುದಿಲ್ಲ.

ಆಮೇಲೆ ಬಂತು ಆ ದೃಶ್ಯ. ಜನರನ್ನೂ ಹಾಡಿನೊಳಕ್ಕೆ ಎಳೆದುಕೊಳ್ಳಬೇಕು ಅಂತ ಬ್ರಯಾನ್ ಮೇ ಎಲ್ಲರಿಂದ ಎರಡು ಸಲ ಕಾಲು ಕುಟ್ಟಿಸಿ ಒಂದು ಸಲ ಚಪ್ಪಾಳೆ ಹೊಡೆಸುತ್ತಾನೆ. ಧಬ್, ಧಬ್, ಚಪ್. ಚಿತ್ರಮಂದಿರಕ್ಕೆ ದೆವ್ವ ಹೊಕ್ಕ ಹಾಗಾಯಿತು. ಕಪ್ಪು ಟೀ ಶರ್ಟಿನವರು ಕುಟ್ಟಿದರು, ಕಾಲೇಜಿನ ಹುಡುಗಿಯರು ಕುಟ್ಟಿದರು, ಟಾರ್ಚ್ ಹಿಡಿದು ಬಾಗಿಲಲ್ಲಿ ನಿಂತ ಹುಡುಗನೂ ಕುಟ್ಟಿದ. ಅಷ್ಟರಲ್ಲಿ ಕೋಣೆಯೊಳಕ್ಕೆ ಫ್ರೆಡ್ಡಿ ಬಂದ. ಗಿಡ್ಡ ಕೂದಲು, ದಪ್ಪ ಮೀಸೆ.

“ಮೀಸೆ!” ಅಂತ ಕಿರುಚಿದರು ಭಾವ. “ಮೀಸೆ ಬಂದದ್ದು 1980ರಲ್ಲಿ! ಹಾಡು 1977ರದು! ಆಗ ಮೀಸೆ ಇರ್ಲಿಲ್ಲ!”

ಮುಂದಿನ ಸಾಲಿನ ಹುಡುಗ ತಿರುಗಿ, “ಅಂಕಲ್, ಸ್ವಲ್ಪ ಮೆತ್ತಗೆ,” ಅಂದ.

“ಮೆತ್ತಗೆ ಹೇಳಿದ್ರೆ ಮೀಸೆ ಹೋಗುತ್ತೇನಪ್ಪಾ?”

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ನಾನು ಭಾವನ ಕಾಲು ನೋಡಿದೆ. ಬಾಯಿ ಮೀಸೆಯ ವಿಚಾರ ಮಾತಾಡುತ್ತಿತ್ತು, ಬಾಟಾ ಚಪ್ಪಲಿ ಹಾಕಿದ ಬಲಗಾಲು ಮಾತ್ರ ತನ್ನ ಪಾಡಿಗೆ ತಾನು ಧಬ್, ಧಬ್ ಅಂತ ಕುಟ್ಟಿಕೊಂಡಿತ್ತು. ಚಪ್ಪಾಳೆಯ ಜಾಗಕ್ಕೆ ನೋಟ್‌ಬುಕ್ ತೊಡೆಗೆ ಬಡಿಯುತ್ತಿತ್ತು.

ಅಕ್ಕ ಬಂದದ್ದು ಏಸಿಗೆ. ಆದರೆ ಅವಳೂ ಅಳತೊಡಗಿದಳು, ಅದೂ ಯಾರೂ ಅಳದ ಜಾಗದಲ್ಲಿ. ಮಗ ಮನೆಗೆ ಬರುತ್ತಾನೆ, ಅಪ್ಪನಿಗೆ ಇಷ್ಟವಿಲ್ಲದ ಕೆಲಸ ಹಿಡಿದಿದ್ದಾನೆ, ಅಪ್ಪ ಇಟ್ಟ ಹೆಸರನ್ನೂ ಬಿಟ್ಟಿದ್ದಾನೆ, ಅಮ್ಮ ಇಬ್ಬರ ನಡುವೆ ಮುಖ ನೋಡುತ್ತಾ ಇರುತ್ತಾಳೆ. “ಪಾಪ, ಆಯಮ್ಮ,” ಅಂದಳು ಅಕ್ಕ. ಅವಳಿಗೆ ಅದು ಲಂಡನ್ನಿನ ಪಾರ್ಸಿ ಮನೆಯಾಗಿ ಕಾಣಲೇ ಇಲ್ಲ. “ಆ ಮನೆ ಇದ್ದದ್ದು ಫೆಲ್ತಮ್‌ನಲ್ಲಿ. ಇವರು ಇಂಗ್ಲೆಂಡಿಗೆ ಹೋದದ್ದು 1964ರಲ್ಲಿ. ಪಂಚಗಣಿಯನ್ನ ಪೂರ್ತಿ ನುಂಗಿಬಿಟ್ಟಿದ್ದಾರೆ!” ಅಂದರು ಭಾವ. ಗಂಡ ಹೆಂಡತಿ ಅಕ್ಕಪಕ್ಕ ಕೂತು ಎರಡು ಬೇರೆ ಬೇರೆ ಸಿನಿಮಾ ನೋಡುತ್ತಿದ್ದರು. ನನಗೆ ಒಂದನ್ನೂ ನೋಡಲಾಗಲಿಲ್ಲ.

ಹಾಡಿನ ಧ್ವನಿಯ ಬಗ್ಗೆಯೂ ಆಕ್ಷೇಪಣೆ. ಫ್ರೆಡ್ಡಿಯದೇ ಹಳೆಯ ಧ್ವನಿಮುದ್ರಣ, ಮಾರ್ಕ್ ಮಾರ್ಟೆಲ್ ಅನ್ನುವ ಗಾಯಕನ ಧ್ವನಿ, ನಟನ ಧ್ವನಿ, ಮೂರನ್ನೂ ಬೆರೆಸಿದ್ದಾರೆ. “ತುಟಿ ಅಲ್ಲಾಡಿಸೋನು ಒಬ್ಬ, ಹಾಡೋನು ಇನ್ನೊಬ್ಬ. ಇದೊಂದು ನಟನೇನಾ?” ಅಂದರು.

“ರಾಜ್‌ಕುಮಾರ್‌ಗೆ ಪಿ.ಬಿ. ಶ್ರೀನಿವಾಸ್ ಹಾಡಿದ್ರೆ ಕರ್ಚೀಫ್ ತೆಗೀತಿದ್ರಲ್ಲಾ ನೀವು,” ಅಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತಲೇ.

ಕೊನೆಯ ಭಾಗ ಲೈವ್ ಏಡ್. ಇಥಿಯೋಪಿಯಾದ ಬರಕ್ಕೆ ನೆರವು ಕೂಡಿಸಲು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಸಂಗೀತ ಕಾರ್ಯಕ್ರಮ. ಕ್ವೀನ್ ತಂಡ ಅಲ್ಲಿ ಇಪ್ಪತ್ತು ನಿಮಿಷದ ಆಸುಪಾಸು ಹಾಡಿದ್ದು ಆ ಲೋಕದವರ ಪಾಲಿಗೆ ಪುರಾಣ. ಭಾವನ ಪಾಲಿಗಂತೂ ಅದು ಸ್ವಂತ ಪುರಾಣ. “1985ರ ಜುಲೈ 13, ಶನಿವಾರ,” ಅಂತ ನನ್ನ ಕಿವಿಯಲ್ಲಿ ಶುರುಮಾಡಿದರು. “ನಮ್ಮ ಗಡಿಯಾರದಲ್ಲಿ ರಾತ್ರಿ 11 ಗಂಟೆ 11 ನಿಮಿಷ. ನಾನು ಅವತ್ತು ಬೆಂಗಳೂರಿನ ಮನೆಯಲ್ಲಿ ಒಬ್ಬನೇ ರೇಡಿಯೋ ಹಿಡಿದುಕೊಂಡು ಕೂತು ಕೇಳಿದ್ದೆ. ಹೊರಗೆ ಮಳೆ, ಕರೆಂಟ್ ಬೇರೆ ಇಲ್ಲ.” ಈ ಕಥೆ ನಾನು ಬಲ್ಲೆ. 1990ರ ಸುಮಾರಿಗೆ ಮೊದಲ ಸಲ ಹೇಳಿದಾಗ ಬರೀ ರೇಡಿಯೋ ಇತ್ತು. ಹತ್ತು ವರ್ಷ ಬಿಟ್ಟು ಮಳೆ ಬಂತು. ಕರೆಂಟ್ ಹೋದದ್ದು ತೀರಾ ಈಚೆಗೆ.

ತೆರೆಯ ಮೇಲೆ ಪಿಯಾನೋ. ಅದರ ಮೇಲೆ ಪೆಪ್ಸಿಯ ಕಾಗದದ ಲೋಟಗಳು. ಭಾವ ಮುಂದಕ್ಕೆ ಬಾಗಿದರು. ಕನ್ನಡಕ ಸರಿಮಾಡಿಕೊಂಡರು. ಅಂದು ವೇದಿಕೆಯಲ್ಲಿ ಲೋಟಗಳು ನಿಜವಾಗಿಯೂ ಹಾಗೇ ಇದ್ದವು. “ಇದು ಸರಿ,” ಅಂದರು, ಸ್ವಲ್ಪ ಬೇಜಾರಿನಿಂದ.

ಸುತ್ತಲೂ ಜನ ಎದ್ದು ನಿಂತಿದ್ದರು. ಮುಂದಿನ ಸಾಲಿನ ಹುಡುಗ ಗೆಳತಿಯ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದ. ಭಾವನ ಕಣ್ಣು ಒಣಗಿತ್ತು, ಲೆಕ್ಕ ಮುಗಿದಿರಲಿಲ್ಲವಲ್ಲ. ಬೆರಳು ಮಡಚಿ ಎಣಿಸುತ್ತಿದ್ದರು. ಹಾಡಿದ್ದು ಆರು, ತೋರಿಸಿದ್ದು ನಾಲ್ಕು. ಬಾಕಿ ಎರಡು.

ಹೊರಗೆ ಬಂದು ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದುಕೊಂಡು ಅವರು ಹೇಳಿದ ಎರಡು ಆಕ್ಷೇಪಣೆಗಳು ಮಾತ್ರ ನನಗೂ ನಿಜ ಅನ್ನಿಸಿದವು. ತಂಡ ಒಡೆದುಹೋಗಿ ಲೈವ್ ಏಡ್‌ಗಾಗಿ ಮತ್ತೆ ಒಂದಾಯಿತು ಅನ್ನುತ್ತದೆ ಸಿನಿಮಾ. ಆದರೆ ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಅವರು ಜಪಾನಿನಲ್ಲಿ ಕಾರ್ಯಕ್ರಮ ಕೊಟ್ಟಿದ್ದರು. ಇನ್ನೊಂದು, ತನಗೆ ಏಡ್ಸ್ ಎಂದು ಫ್ರೆಡ್ಡಿ ಲೈವ್ ಏಡ್‌ಗೆ ಮುಂಚೆಯೇ ಗೆಳೆಯರಿಗೆ ತಿಳಿಸಿಬಿಡುತ್ತಾನೆ. ರೋಗ ಗೊತ್ತಾದದ್ದು ಆಮೇಲೆ, 1987ರ ಹೊತ್ತಿಗೆ. “ಸಾವನ್ನೂ ಎರಡು ವರ್ಷ ಹಿಂದಕ್ಕೆ ಜರುಗಿಸ್ತಾರೇನಯ್ಯಾ? ಯಾಕೆ, ಕ್ಲೈಮ್ಯಾಕ್ಸ್‌ಗೆ ಉಪ್ಪು ಕಮ್ಮಿ ಆಗ್ತಿತ್ತಾ?” ಅಂದರು. ಆ ಮಾತಿನಲ್ಲಿ ಹಸಿರು ಪೆನ್ನು ಇರಲಿಲ್ಲ. ನಾನು ಸುಮ್ಮನೆ ಕಾಫಿ ಕುಡಿದೆ.

ಇಷ್ಟೆಲ್ಲ ಕೆಟ್ಟ ಸಿನಿಮಾವನ್ನು ಭಾವ ಮತ್ತೆ ನಾಲ್ಕು ಸಲ ನೋಡಿದರು. ಎರಡನೇ ಸಲ ಮೊದಲ ಪಟ್ಟಿಯನ್ನು ತಾಳೆ ನೋಡಲು. ಮೂರನೇ ಸಲ ಎರಡನೇ ಸಲ ಬಿಟ್ಟದ್ದಕ್ಕೆ. ನಾಲ್ಕನೇ ಸಲ ಧ್ವನಿ ಚೆನ್ನಾಗಿರುವ ಬೇರೆ ಚಿತ್ರಮಂದಿರದಲ್ಲಿ, ಯಾಕೆಂದು ಹೇಳಲಿಲ್ಲ. ಐದನೇ ಸಲ ಯಾರಿಗೂ ತಿಳಿಸದೆ ಹೋಗಿದ್ದರು. ಪ್ಯಾಂಟಿನ ಜೇಬಿನಲ್ಲಿ ಟಿಕೆಟ್ ಸಿಕ್ಕಿ ಅಕ್ಕನಿಗೆ ಗೊತ್ತಾಯಿತು. ಆ ಸಿನಿಮಾ ಜಗತ್ತಿನಾದ್ಯಂತ 90 ಕೋಟಿ ಡಾಲರಿಗೂ ಮೀರಿ ಗಳಿಸಿತು. “ಜನಕ್ಕೆ ಬುದ್ಧಿ ಇಲ್ಲ,” ಅನ್ನುತ್ತಾರೆ ಭಾವ, ಐದು ಟಿಕೆಟ್ಟಿನ ಹಣ ಕೊಟ್ಟವರು.

2019ರ ಫೆಬ್ರವರಿಯಲ್ಲಿ ನಾಲ್ಕು ಆಸ್ಕರ್ ಬಂದವು. ನಟನೆಗೆ ಬಂದದ್ದನ್ನು ಹೇಗೋ ಸಹಿಸಿಕೊಂಡರು. ಸಂಕಲನಕ್ಕೂ ಬಂದಾಗ ಬೆಳಗಿನ ಉಪ್ಪಿಟ್ಟು ಬಿಟ್ಟು ಎದ್ದರು. ತಂಡದವರು ಮ್ಯಾನೇಜರನ್ನು ಮೇಜಿನ ಸುತ್ತ ಕೂತು ಭೇಟಿಯಾಗುವ ಒಂದು ದೃಶ್ಯವಿದೆ. ಕಣ್ಣು ಮಿಟುಕಿಸುವುದರೊಳಗೆ ನಾಲ್ಕು ಮುಖ ಬಂದು ಹೋಗುತ್ತವೆ. ಅದನ್ನು ನೋಡಿದರೆ ತನಗೇ ಮುಖ ಮುಚ್ಚಿಕೊಳ್ಳುವಂತಾಗುತ್ತದೆ ಎಂದು ಸಂಕಲನಕಾರ ಜಾನ್ ಓಟ್ಮನ್ ಆಮೇಲೆ ಒಪ್ಪಿಕೊಂಡರು. ಆ ಸುದ್ದಿ ಓದಿದ ದಿನ ಭಾವ ನಮ್ಮ ಮನೆಗೆ ಮೈಸೂರ್‌ಪಾಕ್ ತಂದಿದ್ದರು.

ಪಟ್ಟಿ ನಲವತ್ತೊಂದಕ್ಕೆ ನಿಂತಿತು. ಅದನ್ನು ನೀಟಾಗಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಡು ಅಂತ ನನ್ನ ಮಗಳನ್ನು ಕೂರಿಸಿಕೊಂಡರು. ಮೊದಲಿಗೆ ಒಂದು ಪೀಠಿಕೆ ಬೇಕಲ್ಲ, ಆ ರಾತ್ರಿಯ ರೇಡಿಯೋ ಕಥೆ ಹೇಳಿ ಬರೆಸಿದರು. ಈ ಸಲ ಮೇಣದಬತ್ತಿಯೂ ಬಂತು.

“ಮಾವ, ಅವತ್ತು ಶನಿವಾರನೇನಾ?” ಅಂದಳು ಮಗಳು, ಟೈಪ್ ಮಾಡುತ್ತಾ.

“ಶನಿವಾರವೇ. ನೂರಕ್ಕೆ ನೂರು. ಕ್ಯಾಲೆಂಡರ್ ತೆಗೆದು ನೋಡು.”

ಅಡುಗೆಮನೆಯಿಂದ ಅಕ್ಕ ಬಂದಳು. ಕೈಯಲ್ಲಿ ಅರ್ಧ ಹೆಚ್ಚಿದ ಹುರುಳಿಕಾಯಿ.

“ಜುಲೈ ಹದಿಮೂರು ಅಂದ್ರೆ ಎರಡನೇ ಶನಿವಾರ ಕಣ್ರೀ. ನಿಮ್ಮ ಆಫೀಸಿಗೆ ರಜಾ. ನಮ್ಮ ಮದುವೆ ಆದ ವರ್ಷ ಅದು, ಆಷಾಢ ಬೇರೆ. ನಾನು ತಿಪಟೂರಲ್ಲಿ ತವರಲ್ಲಿದ್ದೆ. ನೀವು ಎಲ್ಲಿದ್ರಿ?”

ಭಾವ ಕನ್ನಡಕ ತೆಗೆದು ಒರೆಸಿದರು.

“ನಿಮ್ಮಮ್ಮನಿಗೆ ಆಡಿಟ್ ಕ್ಯಾಂಪ್ ಇದೆ ಅಂತ ಹೇಳಿ, ಶನಿವಾರ ಬಂತು ಅಂದ್ರೆ ಸಾಕು ಅರಸೀಕೆರೆ ಕಡೆ ರೈಲು ಹತ್ತಿ ಬರ್ತಿದ್ರಿ. ಆಷಾಢದಲ್ಲಿ ಅಳಿಯ ಬಂದ ಅಂತ ಬೀದಿಯವರಿಗೆ ಗೊತ್ತಾಗಬಾರದು ಅಂತ ಹಿತ್ತಲ ಬಾಗಿಲಲ್ಲಿ. ಒಂದು ಶನಿವಾರನೂ ತಪ್ಪಿಸಲಿಲ್ಲ. ನಮ್ಮನೆ ರೇಡಿಯೋದಲ್ಲಿ ಆಕಾಶವಾಣಿ ಬಿಟ್ಟು ಬೇರೆ ಏನೂ ಬರ್ತಿರಲಿಲ್ಲ. ಕೇಳಿ ಬೇಕಾದ್ರೆ, ಇವನೇ ಬಾಗಿಲು ತೆಗೀತಿದ್ದದ್ದು.”

ಎಲ್ಲರೂ ನನ್ನ ಕಡೆ ತಿರುಗಿದರು. ಮಗಳ ಬೆರಳು ಕೀಬೋರ್ಡಿನ ಮೇಲೆ ನಿಂತಿತ್ತು. ಭಾವ ಹಸಿರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು.

ನನಗಾಗ ಹನ್ನೊಂದು ವರ್ಷ. ಬಾಗಿಲು ತೆಗೆದವನೂ ನಾನೇ, ಹಲಸಿನ ಹಣ್ಣು ಹೊತ್ತು ತಂದವನೂ ನಾನೇ. ಮಳೆ ಇರಲಿಲ್ಲ, ಕರೆಂಟ್ ಇತ್ತು. ಭಾವ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಿತ್ತಲ ಕಟ್ಟೆಯ ಮೇಲೆ ಅಕ್ಕನ ಪಕ್ಕ ಕೂತು ಹದಿನೆಂಟು ತೊಳೆ ತಿಂದರು.