ಮೇಜು ಇದೆಯೇ ಮೇಷ್ಟ್ರೇ?

ತತ್ತ್ವಶಾಸ್ತ್ರದ ಮೊದಲ ತರಗತಿಗೆ ಬರುವವರಲ್ಲಿ ಎರಡು ಬಣ. ಬದುಕಿನ ಅರ್ಥ ಹುಡುಕಿಕೊಂಡು ಬಂದವರು ಮುಂದಿನ ಬೆಂಚು ಹಿಡಿಯುತ್ತಾರೆ. ಬೇರೆ ಕಾಂಬಿನೇಷನ್ನಿನಲ್ಲಿ ಸೀಟು ಸಿಗದೆ ಬಂದವರು ಹಿಂದಿನದು. ಮೇಷ್ಟ್ರು ಬಂದವರೇ ಇಬ್ಬರಿಗೂ ನಿರಾಸೆ ಮಾಡುತ್ತಾರೆ. ಬದುಕಿನ ಸುದ್ದಿಯೇ ಇಲ್ಲ. ಅವರ ಪ್ರಶ್ನೆಯೆಲ್ಲ ಎದುರಿಗಿರುವ ಮೇಜಿನ ಮೇಲೆ. ಬೆಳಕು ಬಿದ್ದ ಕಡೆ ಬಿಳಿ, ನೆರಳಲ್ಲಿ ಕಂದು. ಹಾಗಾದರೆ ಅದರ ನಿಜವಾದ ಬಣ್ಣ ಯಾವುದು? ಅಷ್ಟಕ್ಕೂ ಮೇಜು ಇದೆ ಎಂದು ಹೇಗೆ ಗೊತ್ತು? ಬರ್ಟ್ರಂಡ್ ರಸೆಲ್ 1912ರಲ್ಲಿ ‘ದಿ ಪ್ರಾಬ್ಲಮ್ಸ್ ಆಫ್ ಫಿಲಾಸಫಿ’ಯನ್ನು ಶುರುಮಾಡಿದ್ದೇ ಹೀಗೆ. ಅವತ್ತಿನಿಂದ ಕಾಲೇಜಿನ ಮೇಜುಗಳಿಗೆ ನೆಮ್ಮದಿಯಿಲ್ಲ.

ಭಾರತೀಯ ದರ್ಶನದ ಪತ್ರಿಕೆಯಲ್ಲಿ ಮೇಜಿನ ಜಾಗಕ್ಕೆ ಬೆಟ್ಟ ಬರುತ್ತದೆ. ಇಲ್ಲಿನ ಆಸರೆ ಹಿರಿಯಣ್ಣನವರು ಮೈಸೂರು ವಿಶ್ವವಿದ್ಯಾನಿಲಯದ ತಮ್ಮ ಉಪನ್ಯಾಸಗಳಿಂದ ರೂಪಿಸಿ 1932ರಲ್ಲಿ ಪ್ರಕಟಿಸಿದ ಪುಸ್ತಕ. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ. ಯಾರಿಗಾದರೂ ಹೊಳೆಯುವ ಇಷ್ಟು ಮಾತನ್ನು ನೈಯಾಯಿಕರು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಐದು ಮೆಟ್ಟಿಲು ಹತ್ತಿಸಿ ಹೇಳುತ್ತಾರೆ. ಅಷ್ಟರಲ್ಲಿ ಬೆಟ್ಟ ಉರಿದುಹೋಗಿರುತ್ತದೆ ಎಂದು ಹಿಂದಿನ ಬೆಂಚಿನಿಂದ ಒಂದು ದನಿ. ಉದಾಹರಣೆಗೆ ಅವರು ಕೊಡುವುದು ಅಡುಗೆಮನೆ. ಇಂಡಕ್ಷನ್ ಒಲೆಯ ಮನೆಯಲ್ಲಿ ಬೆಳೆದ ಹುಡುಗಿ, ನಮ್ಮ ಅಡುಗೆಮನೆಯಲ್ಲಿ ಹೊಗೆಯೂ ಇಲ್ಲ, ಬೆಂಕಿಯೂ ಇಲ್ಲವಲ್ಲ ಎನ್ನುತ್ತಾಳೆ. ಮೇಷ್ಟ್ರಿಗೆ ಕೋಪ ಬರುವುದಿಲ್ಲ, ಖುಷಿಯಾಗುತ್ತದೆ. ಈ ಕೋರ್ಸಿನ ವಿಚಿತ್ರವೇ ಅದು: ಬೇರೆ ವಿಭಾಗದಲ್ಲಿ ಅಧಿಕಪ್ರಸಂಗ ಎನಿಸುವುದಕ್ಕೆ ಇಲ್ಲಿ ಪೂರ್ವಪಕ್ಷದ ಮರ್ಯಾದೆ.

ಎಲ್ಲ ಹೊಗೆಯನ್ನೂ ನೋಡಿ ಬಂದಿದ್ದೀರಾ ಎಂದು ಚಾರ್ವಾಕರು ಆಗಲೇ ಕೇಳಿದ್ದರು. ಹೆಚ್ಚುಕಮ್ಮಿ ಅದೇ ತಕರಾರನ್ನು 1739ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಎತ್ತಿದ. ಯೋಚಿಸಿ ಯೋಚಿಸಿ ತಲೆಕೆಟ್ಟಾಗ ಆತ ಮಾಡುತ್ತಿದ್ದದ್ದೇನು? ಊಟ, ಗೆಳೆಯರೊಡನೆ ಹರಟೆ, ಪಗಡೆಯಂಥದೇ ಒಂದು ದಾಳದಾಟ. ಹಾಸ್ಟೆಲ್ಲಿನ ಹುಡುಗರು ಇಡೀ ಸಿಲಬಸ್ಸಿನಲ್ಲಿ ಚಾಚೂ ತಪ್ಪದೆ ಪಾಲಿಸುವ ಉಪದೇಶ ಇದೊಂದೇ.

ಪರೀಕ್ಷೆಯಲ್ಲಿ ಅಂಕ ತೀರ್ಮಾನಕ್ಕಲ್ಲ, ವಾದಕ್ಕೆ. ದೇವರಿದ್ದಾನೆ ಎಂದು ಬರೆದವನೂ ಇಲ್ಲ ಎಂದು ಬರೆದವಳೂ ಸಮನಾಗಿ ಪಾಸಾಗಬಹುದು. ‘ನಂಬಿಕೆಯೇ ಮುಖ್ಯ’ ಎಂದು ಕೈತೊಳೆದುಕೊಂಡವರಿಗೇ ಕಷ್ಟ. ಅಡಿಷನಲ್ ಶೀಟಿಗೆ ದಾರ ಕಟ್ಟುವುದರಲ್ಲಿ ಪಳಗಿದವರಿಗೆ ಮೇಷ್ಟ್ರು ಎಡ್ಮಂಡ್ ಗೆಟಿಯರನನ್ನು ತೋರಿಸುತ್ತಾರೆ. ಸಮರ್ಥನೆಯಿರುವ ನಿಜವಾದ ನಂಬಿಕೆಯೇ ಜ್ಞಾನ ಎಂಬ ಲಕ್ಷಣವನ್ನು ಆತ 1963ರಲ್ಲಿ ಅಲುಗಾಡಿಸಿದ್ದು ಮೂರೇ ಪುಟದಲ್ಲಿ.

ರಜೆಗೆ ಮನೆಗೆ ಹೋದರೆ ಇನ್ನೊಂದು ವೈವಾ.

“ದೇವರು ಇದ್ದಾನಂತೋ, ಇಲ್ಲವಂತೋ?” ಎಂದು ಅಜ್ಜಿ ಕೇಳುತ್ತಾರೆ.

“ಉದಯನಾಚಾರ್ಯರು ಇದ್ದಾನೆ ಅಂತಾರೆ ಅಜ್ಜಿ. ಆದರೆ ವೇದ ಒಪ್ಪೋ ಮೀಮಾಂಸಕರಿಗೇ ಸೃಷ್ಟಿ ಮಾಡೋ ದೇವರು ಬೇಕಾಗಿಲ್ಲ.”

ಅಜ್ಜಿ ಎದ್ದು ಒಳಗೆ ಹೋಗುತ್ತಾರೆ. ಅಪ್ಪ ನೇರವಾಗಿ ಕೆಲಸದ ಮಾತಿಗೆ ಬರುತ್ತಾರೆ. ಅಲ್ಲಿ ಮಾತ್ರ ಹುಡುಗನಿಗೆ ಎಳ್ಳಷ್ಟೂ ಸಂಶಯವಿಲ್ಲ: ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ತತ್ತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು, ಸಿಲಬಸ್ಸೂ ಚಿಕ್ಕದು.